ಕಳಿಸುವ ಗುಂಡಿಯೇ ಪೂರ್ಣವಿರಾಮವಾದಾಗ

(ಮಧುಗಿರಿಯ ಓದುಗರೊಬ್ಬರ ಮಗಳು ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಇಂಟರ್ನಲ್ಸ್ ಬ್ಲೂಬುಕ್ಕಿನ ಇಂಗ್ಲಿಷ್ ಉತ್ತರಗಳ ತುಂಬ ಕೆಂಪು ಗೆರೆ. ‘ವಾಟ್ಸಾಪ್, ಇನ್‌ಸ್ಟಾಗ್ರಾಂ ಇವಳ ಬರವಣಿಗೆ ಕೆಡಿಸಿವೆ. ಮೊಬೈಲ್ ಕಿತ್ತಿಟ್ಟರೆ ಸರಿಹೋದೀತೇ?’ ಎಂದು ಕೇಳಿ, ಎರಡು ಪುಟಗಳ ನಕಲು ಕಳಿಸಿದ್ದಾರೆ.)

ಮಾನ್ಯರೇ,

ಮೊಬೈಲ್ ಕಿತ್ತಿಡಬೇಡಿ. ಆ ಎರಡು ಪುಟಗಳಲ್ಲಿನ ತಪ್ಪುಗಳಲ್ಲಿ ಅರ್ಧದಷ್ಟಕ್ಕೆ ಮೊಬೈಲ್ ಕಾರಣವೇ ಅಲ್ಲ. ‘ಎ’, ‘ದಿ’ ಬಿಟ್ಟುಹೋಗಿರುವುದು ಕನ್ನಡದಲ್ಲಿ ಅಂಥ ಪದಗಳೇ ಇಲ್ಲದ್ದರಿಂದ. ‘ಡಿಸ್ಕಸ್’ ಜೊತೆಗೆ ಬೇಡದ ‘ಅಬೌಟ್’ ಬಂದಿರುವುದು ನಮ್ಮ ‘ಬಗ್ಗೆ ಚರ್ಚಿಸು’ ಎಂಬುದರಿಂದ. ಸ್ಮಾರ್ಟ್‌ಫೋನ್ ಬರುವ ಮುಂಚೆಯೂ ಕನ್ನಡ ಮಾಧ್ಯಮದ ಮಕ್ಕಳು ಹೀಗೇ ಬರೆಯುತ್ತಿದ್ದರು. ಇದಕ್ಕೆ ವ್ಯಾಕರಣದ ಪಾಠವೇ ಮದ್ದು.

ಉಳಿದರ್ಧ ಮೊಬೈಲಿನದು. ‘ಯು’ ಎಂಬ ಪದಕ್ಕೆ ಒಂದೇ ಅಕ್ಷರ ಬರೆಯುವುದು ಎಸ್ಸೆಮ್ಮೆಸ್ ಕಾಲದ ಉಳಿಕೆ. ಆಗ ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗಷ್ಟೇ ಜಾಗ, ಕನ್ನಡ ಲಿಪಿಯಲ್ಲಾದರೆ 70ಕ್ಕೆ. ಈ ತಪ್ಪು ಎದ್ದು ಕಾಣುತ್ತದೆ, ಎರಡು ಸಲ ಹೇಳಿದರೆ ಹೋಗುತ್ತದೆ. ಚಿಂತಿಸಬೇಕಾದ್ದು ಪೂರ್ಣವಿರಾಮದ ಬಗ್ಗೆ. ವಾಟ್ಸಾಪಿನಲ್ಲಿ ‘ನಿನ್ನೆ ಮಳೆ’, ‘ಬಸ್ ಬರ್ಲಿಲ್ಲ’, ‘ಟೆಸ್ಟ್ ಮಿಸ್ ಆಯ್ತು’ ಎಂದು ಮೂರು ತುಂಡು ಕಳಿಸಿದರೆ ಸಾಕು. ಕಳಿಸುವ ಗುಂಡಿಯೇ ಪೂರ್ಣವಿರಾಮ, ಕಾರಣವನ್ನು ಓದಿದವರೇ ಊಹಿಸಿಕೊಳ್ಳುತ್ತಾರೆ. ‘ಬಿಕಾಸ್’, ‘ಆಲ್‌ದೋ’, ‘ದೇರ್‌ಫೋರ್’ ಬೇಕಾಗುವುದೇ ಇಲ್ಲ. ಹಾಗಾಗಿಯೇ ನಿಮ್ಮ ಮಗಳ ಉತ್ತರದಲ್ಲಿ ಒಂಬತ್ತು ಸಾಲಿಗೆ ಒಂದೇ ಪೂರ್ಣವಿರಾಮ, ನಡುವೆಲ್ಲ ಅಲ್ಪವಿರಾಮ. ವಿಷಯ ಅವಳಿಗೆ ಗೊತ್ತಿದೆ, ಕೊಂಡಿ ಹಾಕಲು ಬಂದಿಲ್ಲ. ಅಂಕ ಹೋಗಿರುವುದು ಅಲ್ಲಿ.

ಇನ್ನೊಂದು ಕಾರಣ ಆಟೋ ಕರೆಕ್ಟ್. ‘ನಾನು’ ಎಂಬರ್ಥದ ‘ಐ’ಯನ್ನು ದೊಡ್ಡಕ್ಷರ ಮಾಡುವುದು, ಸ್ಪೆಲಿಂಗ್ ತಿದ್ದುವುದು ಎಲ್ಲ ಫೋನೇ. ಕಾಗದದ ಮೇಲೆ ಆ ಸಹಾಯವಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ರೂಢಿಯೂ ಸೇರಿಕೊಳ್ಳುತ್ತದೆ: ‘ಹೇಗಿದೀಯ’ ಎಂಬುದನ್ನು ಹೇಗೆ ಬರೆದರೂ ನಡೆಯುತ್ತದೆ, ಕಿವಿಗೆ ಕೇಳಿದ್ದೇ ಸ್ಪೆಲಿಂಗ್. ಇಂಗ್ಲಿಷ್ ಪದಗಳಿಗೆ ಅದು ನಡೆಯದು.

ಮಾಡಬೇಕಾದ್ದು ಇಷ್ಟು. ಫೋನಿನ ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಆಟೋ ಕರೆಕ್ಷನ್ ಆಫ್ ಮಾಡಿ, ಸ್ಪೆಲ್ ಚೆಕ್ ಆನ್ ಇರಲಿ. ಆಗ ತಪ್ಪಿನಡಿ ಕೆಂಪು ಗೆರೆ ಬೀಳುತ್ತದೆ, ತಿದ್ದುವುದು ಅವಳೇ. ದಿನಕ್ಕೆ 20 ನಿಮಿಷ, ಗೆಳತಿಗೆ ಕಳಿಸಿದ ಎಂಟು-ಹತ್ತು ಸಂದೇಶಗಳನ್ನು ಆರಿಸಿ, ಅಪರಿಚಿತರೊಬ್ಬರಿಗೆ ಅರ್ಥವಾಗುವಂತೆ ಇಂಗ್ಲಿಷಿನಲ್ಲಿ 80 ಪದಗಳ ಒಂದು ಪ್ಯಾರಾ ಮಾಡಲಿ. ಪೆನ್ನು, ಕಾಗದದಲ್ಲೇ. ಕನಿಷ್ಠ ಮೂರು ಕಡೆ ಕಾರಣ ಅಥವಾ ವಿರೋಧ ತೋರಿಸುವ ಪದ ಬರಬೇಕು. ಆಮೇಲೆ ಗಟ್ಟಿಯಾಗಿ ಓದಲಿ, ಮಾತು ಮುಗಿದು ದನಿ ನಿಂತ ಕಡೆ ಅಲ್ಪವಿರಾಮವಿದ್ದರೆ ಅದಕ್ಕೆ ಸುತ್ತು ಹಾಕಿ, ಪೂರ್ಣವಿರಾಮ ಬೇಕೇ ಎಂದು ನೋಡಲಿ. ಚಾಟ್‌ಜಿಪಿಟಿಗೆ ಕೊಡುವುದಾದರೆ ತಾನು ಬರೆದ ಮೇಲೆ ಕೊಡಲಿ. ಮೊದಲೇ ಕೊಟ್ಟರೆ ಕೊಂಡಿ ಹಾಕುವ ಕೆಲಸವೂ ಅದರ ಪಾಲಾಗುತ್ತದೆ.

ಎಲ್ಲ ತಪ್ಪನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಹಾಗೆ ಮಾಡಿದಾಗಲೇ ಮಕ್ಕಳು ಹೆದರಿ, ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡತೊಡಗುತ್ತಾರೆ. ಮೊದಲೆರಡು ವಾರ ಪೂರ್ಣವಿರಾಮವೊಂದನ್ನೇ ನೋಡಿ. ಮೂರನೇ ವಾರ ‘ಎ’, ‘ದಿ’.