ಮಾತ್ರೆ ನಿಲ್ಲಿಸಿ ಉಳಿಸುವ ದುಡ್ಡು

ಪ್ರಶ್ನೆ: ತಮ್ಮನಿಗೆ 26 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಮ್ಮನೆ ಸಂಶಯ ಬರುವ ಮನಸ್ಸಿನ ಕಾಯಿಲೆ) ಎಂದು ಬೆಂಗಳೂರಿನಲ್ಲಿ ಹೇಳಿದರು. ಮಾತ್ರೆ ತಗೊಂಡು ಒಂದು ವರ್ಷದಿಂದ ಚೆನ್ನಾಗಿದ್ದಾನೆ. ಪ್ರತಿ ಸಲ ಹೋಗಿ ಬಂದರೆ ಇಬ್ಬರ ಕೂಲಿ ಹೋಗುತ್ತದೆ. ಸಂಘದ ಸಾಲದ ಕಂತೂ ಇದೆ. ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಬೇಡ. ಅವನು ಚೆನ್ನಾಗಿರುವುದೇ ಮಾತ್ರೆಯಿಂದ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ. ಚೀಟಿ ಬರೆದುಕೊಟ್ಟು, ಇದೇ ಮಾತ್ರೆ ನಿಮ್ಮೂರ ಹತ್ತಿರ ಎಲ್ಲಿ ಸಿಗುತ್ತದೆ ಎಂದು ಹೇಳದೆ ಕಳಿಸುವವರ ಮೇಲೆ.

ನಿಲ್ಲಿಸಿದ ಮಾರನೇ ದಿನವೇ ಕಾಯಿಲೆ ಮರಳುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಹಾಗಾಗಿ 'ಬಿಟ್ಟರೂ ಏನೂ ಆಗಲಿಲ್ಲ' ಅನ್ನಿಸುತ್ತದೆ. ಆಮೇಲೆ ನಿದ್ದೆ ಕೆಡುತ್ತದೆ, ಸಂಶಯ ಶುರುವಾಗುತ್ತದೆ, ಕೆಲಸ ತಪ್ಪುತ್ತದೆ. ಮಾಲೀಕ ಬೇರೆಯವರನ್ನು ಇಟ್ಟುಕೊಳ್ಳುತ್ತಾನೆ. ಕಂತು ನಿಲ್ಲುತ್ತದೆ, ಓಲೆ ಗಿರವಿಗೆ ಹೋಗುತ್ತದೆ. ಅವನನ್ನು ನೋಡಿಕೊಳ್ಳಲು ನೀವೂ ಕೂಲಿ ಬಿಡುತ್ತೀರಿ. ಸಂಬಳದ ಮನೆಯಲ್ಲಿ ಇದೇ ಕಾಯಿಲೆ ಬಂದರೆ ರಜೆ ಸಿಗುತ್ತದೆ, ಕೈಯಲ್ಲಿ ಸ್ವಲ್ಪ ಕಾಸಿರುತ್ತದೆ. ನಿಮಗೆ ಎರಡೂ ಇಲ್ಲ. ಬಸ್ ಚಾರ್ಜು ಉಳಿಸಲು ಹೋಗಿ ಆರು ತಿಂಗಳ ದುಡಿಮೆ ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಈ ವಾರ ಬರುತ್ತಾರಾ, ಮಾತ್ರೆ ಇದೆಯಾ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡೇ ಹೊರಡಿ. ಸುಮ್ನೆ ಕೂಲಿ ಕಳೆಯಬೇಡಿ. ಹಳೇ ಚೀಟಿ, ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ. ಅದು ಹಕ್ಕು, ಅಂಜದೆ ಕೇಳಿ.

ಇನ್ನೊಂದು ಮಾತು. ಕುದಿಯುವ ನೀರು, ತಿರುಗುವ ಯಂತ್ರದ ಪಕ್ಕ ಅವನ ಕೆಲಸ. ಹಗಲು ತೂಕಡಿಕೆ ಬರುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ರಾತ್ರಿ ಒಂದೇ ಸಲ ನುಂಗುವ ಹಾಗೆ ಬದಲಿಸಬಹುದಾ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಅವನಿಗೆ ಆಗುತ್ತದಾ ಎಂದು ಕೇಳಿ. ನೀವೇ ಮಾತ್ರೆ ಅರ್ಧ ಮಾಡಬೇಡಿ.

ಕಾಯಿಲೆಯ ಹುಡುಗ ಮದುವೆ ಮಾಡಿದರೆ ಸರಿಹೋಗುತ್ತಾನಾ? (ಚಿಂತಾಮಣಿ)
ಇಲ್ಲ. ಕಾಯಿಲೆ ಮುಚ್ಚಿಟ್ಟು ಒಂದು ಹುಡುಗಿಯ ಬದುಕು ಹಾಳು ಮಾಡಬೇಡಿ.

ಗಾಳಿ ಬಿಡಿಸುವವರು ಹದಿನೈದು ಸಾವಿರ ಕೇಳಿದ್ದಾರೆ, ಗಾಳಿ ಬಿಡುವವರೆಗೆ ಸರಪಳಿ ಹಾಕಿ ಅಂದಿದ್ದಾರೆ. (ಬಾಗೇಪಲ್ಲಿ)
ಒಂದು ರೂಪಾಯಿಯೂ ಕೊಡಬೇಡಿ. ದೇವರಿಗೆ ಕೈ ಮುಗಿಯಿರಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಕಾಯಿಲೆಯವರಿಗೆ ಸರಪಳಿ ಹಾಕುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ಹಾಕಿದ್ದರೆ ಇವತ್ತೇ ಬಿಚ್ಚಿ.

ನಿದ್ದೆ ಮಾತ್ರೆಯ ಡೋಸ್ ಕೇಳಿದ ಗೌರಿಬಿದನೂರಿನ ತಾಯಿಗೆ:
ನೋಡದೆ ನಾನು ಡೋಸ್ ಹೇಳುವುದಿಲ್ಲ. ಆದರೆ ಕೊನೆಯ ಸಾಲಿನಲ್ಲಿ 'ಸಾಲ ನೋಡಿದರೆ ಬದುಕೋದೇ ಬೇಡ ಅನ್ನಿಸುತ್ತೆ' ಎಂದು ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ. ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನವಿಡೀ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯಲ್ಲಿ ಒಬ್ಬರಿಗೆ ಇದನ್ನು ಹೇಳಿ. ಮಾತ್ರೆಗಳನ್ನೂ ಹೊಲದ ಔಷಧಿಯನ್ನೂ ಅವರ ಕೈಗೆ ಕೊಟ್ಟು, ನಿಮಗೆ ಕಾಣದ ಕಡೆ ಇಡಲು ಹೇಳಿ. ರಾತ್ರಿ ಒಬ್ಬರೇ ಮಲಗಬೇಡಿ. ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ, ಮಂಗಳವಾರಕ್ಕೆ ಕಾಯಬೇಡಿ.