ರೈಲಿನಲ್ಲಿ ಹಳೆಯ ಫೋನೇ ಟರ್ಮಿನಲ್: ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ

ಪ್ರಶ್ನೆ: ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಆಂಡ್ರಾಯ್ಡ್ 9ರ ಹಳೆಯ ಫೋನಿನಲ್ಲಿ ಟರ್ಮಕ್ಸ್ (ಟರ್ಮಿನಲ್ ಆ್ಯಪ್) ಹಾಕಿ ಮನೆಯ ಉಬುಂಟು ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಮಾಡಿದರೆ, ಎಂದರೆ ದೂರದಿಂದಲೇ ಲಾಗಿನ್ ಆಗಿ ಆದೇಶ ಕೊಡಲು ಹೋದರೆ, ದಾರಿಯಲ್ಲಿ ಹತ್ತು ಸಲ ಕಡಿಯುತ್ತದೆ. ಓಡುತ್ತಿದ್ದ ಕೆಲಸವೂ ನಿಲ್ಲುತ್ತದೆ. ರಿಮೋಟ್ ಡೆಸ್ಕ್‌ಟಾಪ್ ವಾಸಿಯೇ?

ಉತ್ತರ: ಬೇಡ. ಅಷ್ಟು ಚಿಕ್ಕ ಪರದೆಯಲ್ಲಿ ಡೆಸ್ಕ್‌ಟಾಪ್ ನೋಡುವುದು ಕಣ್ಣಿಗೂ ಶಿಕ್ಷೆ, ಡೇಟಾಕ್ಕೂ ದಂಡ. ಎಸ್‌ಎಸ್‌ಎಚ್ ನಡೆಯುವುದು ಟಿಸಿಪಿ ಮೇಲೆ, ಅಂದರೆ ಎರಡು ವಿಳಾಸಗಳ ನಡುವೆ ಕಟ್ಟಿದ ಸಂಪರ್ಕದ ಮೇಲೆ. ಸಿಗ್ನಲ್ ಹೋಗಿ ಬಂದಾಗ ಫೋನಿಗೆ ಬೇರೆ ಐಪಿ (ಇಂಟರ್ನೆಟ್ ವಿಳಾಸ) ಸಿಕ್ಕರೆ ಹಳೆಯ ಸಂಪರ್ಕ ಅಲ್ಲಿಗೇ ಮುಗಿಯಿತು. ಅದರ ಬದಲು ಮಾಶ್ ಎಂಬ ಲಾಗಿನ್ ಸಾಧನ ಬಳಸಿ. ಅದು ಅಂಥ ಕಟ್ಟಿದ ಸಂಪರ್ಕ ಬೇಡದ ಯುಡಿಪಿ ಬಳಸುತ್ತದೆ, ಐಪಿ ಬದಲಾದರೂ ಮುಂದುವರಿಯುತ್ತದೆ.

ಟರ್ಮಕ್ಸ್ ಅನ್ನು ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದಲೇ ಹಾಕಿಕೊಂಡು, ಅದರಲ್ಲಿ ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಿ ಮಾಶ್ ಸೇರಿಸಿ. ಮನೆಯ ಕಂಪ್ಯೂಟರ್‌ನಲ್ಲಿ ಮಾಶ್ ಜೊತೆಗೆ, ನೀವು ಹೊರಬಂದರೂ ಕೆಲಸವನ್ನು ಓಡಿಸುತ್ತಲೇ ಇರುವ ಟಿಮಕ್ಸ್ ಕೂಡ ಬೇಕು. ಹೆಚ್ಚಿನವರು ಎಡವುವುದು ಪೋರ್ಟ್ ವಿಷಯದಲ್ಲಿ: ಮಾಶ್ ಲಾಗಿನ್ ಆಗುವುದು ಎಸ್‌ಎಸ್‌ಎಚ್ ಮೂಲಕ, ಆಮೇಲೆ ಯುಡಿಪಿ 60000–61000ರ ನಡುವಿನ ಒಂದು ಪೋರ್ಟ್ ಹಿಡಿಯುತ್ತದೆ. ರೌಟರ್‌ನಲ್ಲಿ ಎಸ್‌ಎಸ್‌ಎಚ್‌ನ ಪೋರ್ಟ್ 22 ಮಾತ್ರ ಮನೆಯ ಕಂಪ್ಯೂಟರ್‌ಗೆ ಫಾರ್ವರ್ಡ್ ಆಗಿದ್ದರೆ ಪಾಸ್‌ವರ್ಡ್ ಒಪ್ಪಿಕೊಂಡೂ 60001ರಲ್ಲಿ ಏನೂ ಬಂದಿಲ್ಲ ಎಂದು ದೂರುತ್ತದೆ. ಒಬ್ಬರ ಬಳಕೆಗೆ 60000ರಿಂದ 60010 ತೆರೆದರೆ ಸಾಕು. ಫೈರ್‌ವಾಲ್‌ನಲ್ಲೂ ತೆರೆಯಿರಿ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಸಾರ್ವಜನಿಕ ಐಪಿ ಇಲ್ಲದಿದ್ದರೆ ಎರಡೂ ಕಡೆ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನು ಒಂದೇ ಖಾಸಗಿ ಜಾಲದಲ್ಲಿ ಸೇರಿಸುವ ಸೇವೆ) ಹಾಕಿ. ರೌಟರ್ ಮುಟ್ಟುವ ಗೋಜೇ ಇಲ್ಲ. ಕಚೇರಿಯ ಕಂಪ್ಯೂಟರ್‌ಗೆ ಮಾತ್ರ ಐಟಿ ವಿಭಾಗವನ್ನು ಕೇಳದೆ ಇದನ್ನು ಹಾಕಬೇಡಿ.

ಒಳಹೊಕ್ಕ ಕೂಡಲೇ ಟಿಮಕ್ಸ್ ತೆರೆದು ಕೆಲಸ ಶುರು ಮಾಡಿ. ಇಳಿಯುವಾಗ ಕಂಟ್ರೋಲ್-ಬಿ, ಆಮೇಲೆ ಡಿ. ಕೆಲಸ ಮನೆಯಲ್ಲಿ ಓಡುತ್ತಲೇ ಇರುತ್ತದೆ. ಮಾಶ್‌ನಲ್ಲಿ ಹಿಂದಿನ ಸಾಲುಗಳಿಗೆ ಸ್ಕ್ರೋಲ್ ಮಾಡಲಾಗದು. ಆ ಕೊರತೆಯನ್ನೂ ಟಿಮಕ್ಸ್ ನೀಗುತ್ತದೆ.

ಪರದೆ ಆರಿಸಿದೊಡನೆ ಟರ್ಮಕ್ಸ್ ಸಾಯುತ್ತಿದ್ದರೆ ಅದರ ನೋಟಿಫಿಕೇಶನ್‌ನಲ್ಲಿ ವೇಕ್‌ಲಾಕ್ (ಫೋನು ನಿದ್ದೆಗೆ ಜಾರದಂತೆ ತಡೆಯುವುದು) ಒತ್ತಿ, ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಅದನ್ನು ಹೊರಗಿಡಿ.

ಕೀಬೋರ್ಡ್ ಬ್ಲೂಟೂತ್‌ನದೇ ಇರಲಿ. ಫೋನಿನ ಚಾರ್ಜಿಂಗ್ ಕಿಂಡಿಗೆ ಹಾಕುವ ಓಟಿಜಿ ಅಡಾಪ್ಟರ್‌ಗೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದರೆ ಸಾಮಾನ್ಯವಾಗಿ ಚಾರ್ಜ್ ಮಾಡಲಾಗದು. ನಿಂತು ಪ್ರಯಾಣಿಸುವಾಗ, ಕೀಬೋರ್ಡ್ ಇಲ್ಲದೆಯೂ, ಟರ್ಮಕ್ಸ್‌ನಲ್ಲಿ ವಾಲ್ಯೂಮ್ ಇಳಿಸುವ ಗುಂಡಿಯೇ ಕಂಟ್ರೋಲ್; ಏರಿಸುವ ಗುಂಡಿಯ ಜೊತೆ ಇ ಒತ್ತಿದರೆ ಎಸ್ಕೇಪ್, ಟಿ ಒತ್ತಿದರೆ ಟ್ಯಾಬ್.

ಆಂಡ್ರಾಯ್ಡ್ 9ಕ್ಕೆ ಭದ್ರತಾ ಪ್ಯಾಚ್ ಬರುವುದು ನಿಂತಿದೆ. ಹಾಗಾಗಿ ಆ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಡಬೇಡಿ. ಆ ಫೋನಿಗೆಂದೇ ಬೇರೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಕಡತ) ಮಾಡಿ, ಪಾಸ್‌ಫ್ರೇಸ್ ಹಾಕಿ. ಫೋನು ಕಳೆದರೆ ಮನೆಯ ಕಂಪ್ಯೂಟರ್‌ನ ಆಥರೈಸ್ಡ್ ಕೀಸ್ (authorized_keys) ಕಡತದಿಂದ ಆ ಕೀಯ ಒಂದು ಸಾಲು ಅಳಿಸಿ. ಟೇಲ್‌ಸ್ಕೇಲ್ ಇದ್ದರೆ ಅಲ್ಲಿಂದಲೂ ಫೋನನ್ನು ತೆಗೆಯಿರಿ.

ಹಿಂಬದಿಯ ಮುಚ್ಚಳ ಉಬ್ಬಿದೆಯೇ ನೋಡಿಕೊಳ್ಳಿ. ಬ್ಯಾಟರಿ ಊದಿದ್ದರೆ ಹೊಸದು ಹಾಕಿಸುವವರೆಗೆ ಆ ಫೋನನ್ನು ಚಾರ್ಜ್‌ಗೆ ಇಡಬೇಡಿ.