ಪ್ಲೇಟಿಂಗ್ ಘಟಕದ ತೊಳೆನೀರಿನ ನಿಕ್ಕಲ್, ಕ್ರೋಮಿಯಂ ತೆಗೆಯಲು ಶೇಂಗಾ ಸಿಪ್ಪೆ ಸಾಕೇ?

ಹುಬ್ಬಳ್ಳಿಯ ತಾರಿಹಾಳದಲ್ಲಿ ನಿಕ್ಕಲ್ ಮತ್ತು ಕ್ರೋಮ್ ಲೇಪನದ ಸಣ್ಣ ಘಟಕ ನಡೆಸುತ್ತಿರುವುದಾಗಿಯೂ, ದಿನಕ್ಕೆ ಸುಮಾರು ಸಾವಿರ ಲೀಟರ್ ತೊಳೆದ ನೀರು ಹೊರಬರುತ್ತಿರುವುದಾಗಿಯೂ ಬರೆದಿದ್ದೀರಿ. ಆ ನೀರಿನ ಲೋಹವನ್ನು ಶೇಂಗಾ ಸಿಪ್ಪೆಯ ಪುಡಿಯಿಂದ ತೆಗೆಯಬಹುದೇ, ತೆಗೆದ ಮೇಲೆ ಅದನ್ನು ಕಾಂಪೌಂಡಿನ ಗಿಡಗಳಿಗೆ ಬಿಡಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವವನು. ಸಿಪ್ಪೆ, ತೊಗಟೆಗಳನ್ನು ಬಳಸಿ ನೀರಿನಿಂದ ಲೋಹ ತೆಗೆಯುವ ಪ್ರಾಜೆಕ್ಟುಗಳನ್ನು ವಿದ್ಯಾರ್ಥಿಗಳಿಂದ ಮಾಡಿಸಿದ್ದೇನೆ. ಮೊದಲನೆಯದಕ್ಕೆ ನನ್ನ ಉತ್ತರ: ತೆಗೆಯಬಹುದು, ಆದರೆ ಕೊನೆಯ ಹಂತವಾಗಿ ಮಾತ್ರ. ಎರಡನೆಯದಕ್ಕೆ: ದಯವಿಟ್ಟು ಬಿಡಬೇಡಿ.

ಶೇಂಗಾ ಸಿಪ್ಪೆಯಾಗಲಿ, ಗೋವಿನಜೋಳದ ದಿಂಡಾಗಲಿ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಮೆಣಸಿನಕಾಯಿ ತೊಟ್ಟಾಗಲಿ, ಇವೆಲ್ಲವುಗಳ ಮೈಯಲ್ಲಿ ಸೆಲ್ಯುಲೋಸ್, ಲಿಗ್ನಿನ್‌ನಂಥ ವಸ್ತುಗಳಿದ್ದು, ಅವುಗಳಲ್ಲಿರುವ ಕಾರ್ಬಾಕ್ಸಿಲ್ ಮತ್ತು ಹೈಡ್ರಾಕ್ಸಿಲ್ ಗುಂಪುಗಳು ನೀರಿನಲ್ಲಿರುವ ಲೋಹದ ಧನ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಹಿಡಿದುಕೊಳ್ಳುವಾಗ ಬಹುಪಾಲು ಹೈಡ್ರೋಜನ್ ಅಥವಾ ಕ್ಯಾಲ್ಸಿಯಂ ಅಯಾನನ್ನು ಬಿಟ್ಟುಕೊಡುತ್ತವೆ. ಅಂದರೆ ಇದು ಬಹುಮಟ್ಟಿಗೆ ಕೊಡುಕೊಳ್ಳುವಿಕೆಯ ವ್ಯವಹಾರ. ನೀರು ತೀರಾ ಆಮ್ಲೀಯವಾಗಿದ್ದರೆ ಆ ಜಾಗಗಳನ್ನೆಲ್ಲ ಹೈಡ್ರೋಜನ್ನೇ ಆಕ್ರಮಿಸಿರುವುದರಿಂದ ನಿಕ್ಕಲ್‌ಗೆ ಸ್ಥಳ ಸಿಗುವುದಿಲ್ಲ. ನಿಕ್ಕಲ್ ಚೆನ್ನಾಗಿ ಹಿಡಿಯಬೇಕಾದರೆ ಪಿಎಚ್ (ಆಮ್ಲೀಯತೆಯ ಅಳತೆ; 7 ತಟಸ್ಥ, ಅದಕ್ಕಿಂತ ಇಳಿದಷ್ಟೂ ಆಮ್ಲೀಯ) 5ರಿಂದ 7ರ ನಡುವೆ ಇರಬೇಕು.

ಕ್ರೋಮಿಯಂ ವಿಷಯ ಇದಕ್ಕೆ ತದ್ವಿರುದ್ಧ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮ ಕ್ರೋಮಿಕ್ ಆಮ್ಲದ ಬಾತ್‌ನಿಂದ (ಲೇಪನ ದ್ರಾವಣದ ತೊಟ್ಟಿಯಿಂದ) ಬರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ನೀರಿನಲ್ಲಿ ಕ್ರೋಮೇಟ್ ಎಂಬ ಋಣ ಅಯಾನಾಗಿರುತ್ತದೆ. ಅದನ್ನು ಸಿಪ್ಪೆ ಸೆಳೆದುಕೊಳ್ಳುವುದು ಪಿಎಚ್ 2ರ ಆಸುಪಾಸಿನಲ್ಲಿ, ಅದೂ ಬರೀ ಸೆಳೆತವಲ್ಲ: ಸಿಪ್ಪೆಯ ಸಾವಯವ ಅಂಶವು ಕ್ರೋಮೇಟನ್ನು ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು), ಅದಕ್ಕಿಂತ ಬಹಳ ಕಡಿಮೆ ವಿಷಕಾರಿಯಾದ ಮೂರು ವೇಲೆನ್ಸಿಯ ಕ್ರೋಮಿಯಂ ಆಗಿಸುತ್ತದೆ. ಹಾಗಾದ ಕ್ರೋಮಿಯಂ ಧನ ಅಯಾನಾದ್ದರಿಂದ ಆ ಆಮ್ಲೀಯತೆಯಲ್ಲಿ ಅದರ ಒಂದು ಭಾಗ ಮತ್ತೆ ನೀರಿಗೇ ಇಳಿಯುತ್ತದೆ. ಆರು ವೇಲೆನ್ಸಿಯದನ್ನಷ್ಟೇ ಅಳೆದು, 'ಶೇಕಡಾ 99 ಕ್ರೋಮಿಯಂ ಹೋಯಿತು' ಎಂದು ಬರೆದ ವರದಿಗಳನ್ನು ನೋಡಿದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ಒಟ್ಟು ಕ್ರೋಮಿಯಂ ಎಷ್ಟು ಉಳಿಯಿತು ಎಂಬುದು. ಆದ್ದರಿಂದ ನಿಕ್ಕಲ್ ನೀರು, ಕ್ರೋಮ್ ನೀರು ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟು ಮೇಲೆ ಸಿಪ್ಪೆ ಸುರಿದರೆ ಎರಡೂ ಅರ್ಧಂಬರ್ಧ ಉಳಿಯುತ್ತವೆ. ಎರಡಕ್ಕೂ ಬೇರೆ ಬೇರೆ ತೊಟ್ಟಿ ಇರಲಿ. ನಿಮ್ಮಲ್ಲಿ ಸಯನೈಡ್ ಬಾತ್ ಏನಾದರೂ ಇದ್ದರೆ, ಅದರ ನೀರಿನ ಒಂದು ಹನಿಯೂ ಆಮ್ಲದ ತೊಟ್ಟಿಗೆ ಸೇರಬಾರದು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಯನೈಡ್ ಅನಿಲ ಪ್ರಾಣ ತೆಗೆಯುತ್ತದೆ.

ಇನ್ನು ಕೊನೆಯ ಹಂತ ಮಾತ್ರ ಎಂದದ್ದೇಕೆ? ನಿಕ್ಕಲ್ ನೀರನ್ನೇ ಲೆಕ್ಕ ಹಾಕೋಣ. ಲೀಟರಿಗೆ 20 ಮಿಲಿಗ್ರಾಂ ಇದೆ ಎಂದಿಟ್ಟುಕೊಂಡರೆ, ಸಾವಿರ ಲೀಟರಿನಲ್ಲಿ 20 ಗ್ರಾಂ ಆಯಿತು. ಬಳಕೆಯಲ್ಲಿ ಒಂದು ಗ್ರಾಂ ಸಿಪ್ಪೆ 5 ಮಿಲಿಗ್ರಾಂ ಹಿಡಿಯಿತೆಂದರೂ ದಿನಕ್ಕೆ 4 ಕಿಲೋ, 25 ದಿನಗಳ ತಿಂಗಳಿಗೆ 100 ಕಿಲೋ ಸಿಪ್ಪೆ ಬೇಕು. ತಿಂಗಳ ಕೊನೆಗೆ ಅಷ್ಟೂ ನಿಕ್ಕಲ್ ತುಂಬಿದ ಕಸವಾಗಿ ನಿಮ್ಮ ಶೆಡ್ಡಿನಲ್ಲೇ ಕುಳಿತಿರುತ್ತದೆ. ಅದಕ್ಕೆ ಬದಲಾಗಿ, ಕ್ರೋಮ್ ನೀರನ್ನು ಪಿಎಚ್ 2–3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಅಪಕರ್ಷಿಸಿ, ಆಮೇಲೆ ಪಿಎಚ್ ಅನ್ನು 8–9ಕ್ಕೆ ಏರಿಸಿ ಕೆಸರಾಗಿ ಇಳಿಸಿ. ನಿಕ್ಕಲ್ ನೀರನ್ನು 10ರ ಹತ್ತಿರಕ್ಕೆ ಏರಿಸಿ ಇಳಿಸಿ. ತಿಳಿಯಾಗಿ ನಿಂತ ನೀರಿನಲ್ಲಿ ಉಳಿಯುವ ಅಲ್ಪಸ್ವಲ್ಪ ನಿಕ್ಕಲ್‌ಗೆ ಮಾತ್ರ, ಪಿಎಚ್ ಅನ್ನು 6ಕ್ಕೆ ತಂದು, ಸಿಪ್ಪೆ ತುಂಬಿದ ಪೈಪಿನ ಮೂಲಕ ನಿಧಾನವಾಗಿ ಹಾಯಿಸಿ. ಆಗ ಸಿಪ್ಪೆ ಗಣನೀಯವಾಗಿ ಕಡಿಮೆ ಸಾಕು. ಲೋಹ ತೆಳುವಾದಂತೆ ಸಿಪ್ಪೆಯ ಹಿಡಿತವೂ ಇಳಿಯುವುದರಿಂದ ಲೆಕ್ಕಕ್ಕಿಂತ ದುಪ್ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದ ಬೋರ್ ನೀರು ಗಡಸು ಎಂಬುದು ನಿಮಗೆ ಗೊತ್ತೇ ಇದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದೇ ಜಾಗಗಳಿಗಾಗಿ ನಿಕ್ಕಲ್ ಜೊತೆ ಪೈಪೋಟಿ ನಡೆಸುತ್ತವೆ. ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ಪ್ರಯೋಗದ ಅಂಕಿಗಳು ಕಾರ್ಖಾನೆಯಲ್ಲಿ ಕೈಕೊಡುವುದಕ್ಕೆ ಇದು ದೊಡ್ಡ ಕಾರಣ. ಪಿಎಚ್ ಏರಿಸಲು ಬಳಸುವ ಸುಣ್ಣವೂ ಕ್ಯಾಲ್ಸಿಯಂ ಸೇರಿಸುತ್ತದೆ; ಅದರ ಬದಲು ಕಾಸ್ಟಿಕ್ ಸೋಡಾ ಬಳಸಿದರೆ ಖರ್ಚು ಹೆಚ್ಚು, ಆದರೆ ಸಿಪ್ಪೆಗೆ ಅನುಕೂಲ. ಸಿಪ್ಪೆಯನ್ನು ತೊಳೆದು ಒಣಗಿಸಿ, ಅರ್ಧದಿಂದ ಒಂದು ಮಿಲಿಮೀಟರ್ ಗಾತ್ರಕ್ಕೆ ಒಡೆಸಿ ಜರಡಿ ಹಿಡಿಯಿರಿ. ಹಿಟ್ಟಿನಂತಾದರೆ ಪೈಪು ಕಟ್ಟಿಕೊಳ್ಳುತ್ತದೆ. ತೆಳು ಕಾಸ್ಟಿಕ್ ದ್ರಾವಣದಲ್ಲಿ ನೆನೆಸಿ ತೊಳೆದರೆ ಕಂದು ಬಣ್ಣ ಬಿಡುವುದು ಕಡಿಮೆಯಾಗುತ್ತದೆ, ಹಿಡಿತವೂ ಹೆಚ್ಚುತ್ತದೆ.

ಪೈಪಿನ ಸಿಪ್ಪೆ ಯಾವಾಗ ಲೋಹದಿಂದ ತುಂಬಿತೆಂದು ತಿಳಿಯಲು ಡೈಮೀಥೈಲ್ ಗ್ಲೈಆಕ್ಸಿಮ್ ಇಟ್ಟುಕೊಳ್ಳಿ. ಹೊರಬಂದ ನೀರಿಗೆ ತುಸು ಅಮೋನಿಯಾ ಬೆರೆಸಿ ಇದನ್ನು ಹಾಕಿದಾಗ ಗುಲಾಬಿ-ಕೆಂಪು ಕಂಡರೆ ನಿಕ್ಕಲ್ ದಾಟಿಬಂದಿದೆ ಎಂದರ್ಥ. ಆರು ವೇಲೆನ್ಸಿಯ ಕ್ರೋಮಿಯಂಗೆ ಡೈಫೀನೈಲ್ ಕಾರ್ಬಜೈಡ್. ಆಮ್ಲೀಯ ನೀರಿನಲ್ಲಿ ಅದು ನೇರಳೆಗೆ ತಿರುಗುತ್ತದೆ. ಇವು ದಿನನಿತ್ಯದ ಪರೀಕ್ಷೆಗೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ತೋರಿಸಬೇಕಾದ ಅಂಕಿಗಳು ಮಾನ್ಯತೆ ಪಡೆದ ಪ್ರಯೋಗಾಲಯದಿಂದಲೇ ಬರಬೇಕು.

ತುಂಬಿದ ಸಿಪ್ಪೆಯ ವಿಲೇವಾರಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲಕ್ಕಿಂತ ಕಷ್ಟದ ಭಾಗ ಅದೇ. ಸಿಪ್ಪೆಯಿಂದ ಲೋಹ ನಾಶವಾಗುವುದಿಲ್ಲ, ನೀರಿನಿಂದ ಸಿಪ್ಪೆಗೆ ಜಾಗ ಬದಲಿಸುತ್ತದೆ ಅಷ್ಟೇ. ಅದನ್ನು ತಿಪ್ಪೆಗೆ ಹಾಕಬಾರದು, ಇಟ್ಟಿಗೆ ಭಟ್ಟಿಗೆ ಕೊಡಬಾರದು. ಸುಟ್ಟಾಗ ಬೂದಿಯಲ್ಲಿ ಕ್ರೋಮಿಯಂ ಮತ್ತೆ ಆರು ವೇಲೆನ್ಸಿಗೆ ಮರಳುವ ಸಂಭವವಿದೆ. ತೆಳು ಸಲ್ಫ್ಯೂರಿಕ್ ಆಮ್ಲದಿಂದ ತೊಳೆದರೆ ನಿಕ್ಕಲ್ ಸಲ್ಫೇಟ್ ಆಗಿ ಇಳಿಯುತ್ತದೆ, ಸಿಪ್ಪೆಯನ್ನು ಇನ್ನೂ ಕೆಲವು ಸಲ ಬಳಸಬಹುದು. ಆ ದ್ರಾವಣವನ್ನು ನೇರವಾಗಿ ಬಾತ್‌ಗೆ ಮಾತ್ರ ಸುರಿಯಬೇಡಿ, ಸಿಪ್ಪೆಯ ಸಾವಯವ ಅಂಶದಿಂದ ಲೇಪನದ ಹೊಳಪು ಕೆಡುತ್ತದೆ. ಕೆಸರನ್ನೂ ಸವೆದ ಸಿಪ್ಪೆಯನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ವಿಲೇವಾರಿ ಘಟಕಕ್ಕೇ ಕಳಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಕಚೇರಿಯಲ್ಲಿ ಇದರ ಕ್ರಮವನ್ನು ವಿಚಾರಿಸಿ.

ಗಿಡಗಳ ವಿಷಯ. ಹೊರಗಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಸಾಮಾನ್ಯ ಮಾನದಂಡದ ಪ್ರಕಾರ ಲೀಟರಿಗೆ 3 ಮಿಲಿಗ್ರಾಂವರೆಗೆ ನಿಕ್ಕಲ್ ಇರಬಹುದು. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೂಚಿಸಿದ ಮಿತಿ 0.2. ಹೀಗಾಗಿ ಒಂದರಲ್ಲಿ ಪಾಸಾದ ನೀರು ಇನ್ನೊಂದರ ಹದಿನೈದು ಪಟ್ಟು ಇರಬಹುದು. ನಮ್ಮ ಎರೆ ಮಣ್ಣಿನ ಜೇಡಿ ಲೋಹವನ್ನು ಹಿಡಿದು ವರ್ಷವರ್ಷಕ್ಕೆ ಕೂಡಿಸಿಕೊಳ್ಳುತ್ತದೆ, ಕಾಸ್ಟಿಕ್‌ನ ಸೋಡಿಯಂ ಸೇರಿದರೆ ನೆಲ ಗಟ್ಟಿಯಾಗುತ್ತದೆ. ಲೋಹ ತೆಗೆದ ನೀರನ್ನು ಗಿಡಗಳಿಗೆ ಬಿಡುವ ಬದಲು ಮೊದಲ ತೊಳೆತಕ್ಕೇ ಮತ್ತೆ ಬಳಸಿ. ಬಾತ್‌ನಿಂದ ತೆಗೆದ ಸಾಮಾನನ್ನು ಅದರ ಮೇಲೆಯೇ ತುಸು ಹೊತ್ತು ಹಿಡಿದು ಸೋರಲು ಬಿಟ್ಟು, ನಂತರ ನಿಂತ ನೀರಿನ ಒಂದು ತೊಟ್ಟಿಯಲ್ಲಿ ಅದ್ದಿ ತೆಗೆಯುವ ರೂಢಿ ಮಾಡಿದರೆ, ಆ ತೊಟ್ಟಿಯ ನಿಕ್ಕಲ್ ನೀರನ್ನು ಬಾತ್‌ಗೇ ಮರಳಿ ಸೇರಿಸಬಹುದು. ಸಿಪ್ಪೆ ತರುವ ಮೊದಲು ಇದನ್ನು ಮಾಡಿ ನೋಡಿ.